ದಪ್ಪಕ್ಷರದ ಹೊಣೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನೊಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆ ಕರೆಯೋಲೆ, ಬಿಲ್ ಬುಕ್ಕು, ವೈಕುಂಠ ಸಮಾರಾಧನೆಯ ಕಾರ್ಡು, ಹೀಗೆ ಊರಿನ ಸುಖದುಃಖವೆಲ್ಲ ನನ್ನ ಕೀಬೋರ್ಡಿನ ಮೇಲೆ ಹಾದುಹೋಗುತ್ತಿತ್ತು. ಒಂದು ದಿನ ಹಣ ಕಟ್ಟುವ ಸ್ಕೀಮೊಂದರ ಕರಪತ್ರ ಮಾಡಿಸಲು ಒಬ್ಬರು ಬಂದರು. ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತು, "ಮೇಲಿನ ಲೈನು ದಪ್ಪ ಮಾಡಪ್ಪ. ಇನ್ನೂ ದಪ್ಪ. ಒಂಚೂರು ಓರೆ ಮಾಡು, ಓಡೋ ಥರ ಇರಬೇಕು" ಎಂದರು. ಬೋಲ್ಡ್ ಒತ್ತಿದೆ, ಇಟಾಲಿಕ್ ಒತ್ತಿದೆ. 'ನಿಮ್ಮ ಧನ ದ್ವಿಗುಣ' ಎಂಬ ಸಾಲು ಹಾಳೆಯಿಂದ ಜಿಗಿಯುವಂತೆ ನಿಂತಿತು. ಒಂದೇ ತೊಂದರೆ: ದಪ್ಪ ಹೆಚ್ಚಾಗಿ 'ಧ'ದ ಕೆಳಗಿನ ಸೀಳು ಮುಚ್ಚಿಕೊಂಡು 'ಧನ'ವು 'ದನ'ವಾಗಿ ಕಾಣುತ್ತಿತ್ತು. ಇಬ್ಬರೂ ನಕ್ಕೆವು. ಆ ಸೀಳು ಬಿಡಿಸಲು ಅರ್ಧ ಗಂಟೆ ಹೆಣಗಿದೆ. ಷರತ್ತುಗಳನ್ನು ಆರು ಪಾಯಿಂಟಿನಲ್ಲಿ ಕೆಳಗೆ ತುರುಕಲು ಐದು ನಿಮಿಷವೂ ಬೇಕಾಗಲಿಲ್ಲ.

ಎರಡು ವರ್ಷದಲ್ಲಿ ಆ ಕಚೇರಿಗೆ ಬೀಗ ಬಿತ್ತು. ಹಣ ಕಳೆದುಕೊಂಡವರಲ್ಲಿ ನಮ್ಮ ಬೀದಿಯಲ್ಲಿ ಹೂ ಮಾರುತ್ತಿದ್ದ ಹೆಂಗಸೂ ಒಬ್ಬರು. ನಾಲ್ಕಾಗಿ ಮಡಿಸಿದ್ದ ಕರಪತ್ರವನ್ನು ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸುತ್ತಾ, "ಇಷ್ಟು ದೊಡ್ಡದಾಗಿ ಬರ್ದಿದ್ರಲ್ಲಪ್ಪ, ಸುಳ್ಳು ಅಂತ ಹೆಂಗೆ ಅನ್ಕೊಳ್ಳೋದು?" ಎಂದರು. ಅದನ್ನು ಯಾರು ಮಾಡಿದ್ದೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಅಕ್ಷರವನ್ನು ದಪ್ಪ ಮಾಡಿದವನಿಗೆ ಆ ಮಾತಿನ ಸುಳ್ಳಿನಲ್ಲಿ ಪಾಲಿದೆಯೇ? ಈ ಪ್ರಶ್ನೆ ನನ್ನನ್ನು ಅಕ್ಷರಗಳ ಚರಿತ್ರೆಯ ಕಡೆಗೆ ಎಳೆದೊಯ್ದಿತು.

ಓರೆ ಅಕ್ಷರ ಹುಟ್ಟಿದ್ದು ಕೂಗಲಿಕ್ಕಲ್ಲ. 1501ರಲ್ಲಿ ವೆನಿಸ್ಸಿನ ಆಲ್ಡಸ್ ಮನೂಷಿಯಸ್ ವರ್ಜಿಲ್ ಕವಿಯ ಕಾವ್ಯವನ್ನು ಪೂರ್ತಿ ಓರೆ ಅಕ್ಷರದಲ್ಲೇ ಅಚ್ಚು ಹಾಕಿದ. ಮೊಳೆಗಳನ್ನು ಕೆತ್ತಿದವನು ಫ್ರಾಂಚೆಸ್ಕೊ ಗ್ರಿಫೊ. ಅದು ಕೈಯಲ್ಲಿ ಹಿಡಿದು ಓದುವ ಸಣ್ಣ ಪುಸ್ತಕ. ಅಕ್ಷರ ವಿದ್ವಾಂಸರ ಕೈಬರಹದ ಅನುಕರಣೆ. ಮುಂದೆ 1560ರ ಜಿನೀವಾ ಬೈಬಲ್ಲಿನಲ್ಲಿ ಓರೆ ಅಕ್ಷರಕ್ಕೆ ಇನ್ನೂ ಸೂಕ್ಷ್ಮವಾದ ಕೆಲಸ ಸಿಕ್ಕಿತು. ಮೂಲದಲ್ಲಿಲ್ಲದ, ಇಂಗ್ಲಿಷ್ ವಾಕ್ಯ ಪೂರ್ತಿಯಾಗಲೆಂದು ಅನುವಾದಕರು ಸೇರಿಸಿದ ಪದಗಳನ್ನು ಓರೆಯಾಗಿ ಅಚ್ಚು ಮಾಡಿದರು. 'ಈ ಪದ ದೇವರದಲ್ಲ, ನಮ್ಮದು' ಎಂದು ಓದುಗನಿಗೆ ಒಪ್ಪಿಸುವ ಗುರುತು ಅದು.

ದಪ್ಪ ಬಂದದ್ದು ಬಹಳ ತಡವಾಗಿ. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಗೋಡೆಗಳು ಜಾಹೀರಾತಿನಿಂದ ತುಂಬತೊಡಗಿದಾಗ ಪುಸ್ತಕದ ಅಕ್ಷರ ಬೀದಿಗೆ ಸಾಲದಾಯಿತು. ಆಗ ರಾಬರ್ಟ್ ಥಾರ್ನ್‌ನಂಥ ಮೊಳೆ ತಯಾರಕರು ಹೊಟ್ಟೆ ಉಬ್ಬಿದ ಅಕ್ಷರಗಳನ್ನು ತಂದರು. ಅವುಗಳ ದಪ್ಪ ಗೆರೆ ಇದ್ದಿಲ ತುಂಡಿನಷ್ಟು ಕಪ್ಪು, ತೆಳು ಗೆರೆ ಕೂದಲೆಳೆ. ಅದನ್ನೇ ಓರೆ ಮಾಡಿದರೆ ನಿಂತ ತೂಕಕ್ಕೆ ವೇಗವೂ ಕೂಡುತ್ತದೆ. ಅಕ್ಷರದೊಳಗಿನ ಬಿಳಿ ಜಾಗ ಕಿರಿದಾಗುವುದರಿಂದ ಸಣ್ಣ ಗಾತ್ರದಲ್ಲಿ ಅದನ್ನು ಓದುವುದು ಕಷ್ಟ. ಅದಿರುವುದು ಒಂದೆರಡು ಪದಕ್ಕೆ, ದಾರಿಹೋಕನ ಕಾಲು ನಿಲ್ಲಿಸುವುದಕ್ಕೆ.

ಆ ಅಕ್ಷರಗಳಿಗೆ ದೊಡ್ಡ ಗಿರಾಕಿಗಳಲ್ಲಿ ಲಾಟರಿಯವರೂ ಇದ್ದರು. 1826ರಲ್ಲಿ ನಿಲ್ಲುವವರೆಗೆ ಇಂಗ್ಲೆಂಡಿನ ಸರ್ಕಾರಿ ಲಾಟರಿಯ ಕರಪತ್ರಗಳಲ್ಲಿ ಬಹುಮಾನದ ಮೊತ್ತ ಹೀಗೆಯೇ ಕಪ್ಪಗೆ ಮೆರೆಯುತ್ತಿತ್ತು. ಥಾರ್ನ್ ತೀರಿಕೊಂಡ ಮೇಲೆ, 1820ರಲ್ಲಿ, ಅವನ ಕಾರ್ಖಾನೆಯನ್ನು ಕೊಂಡವನು ವಿಲಿಯಂ ಥಾರೊಗುಡ್. ಕೊಂಡದ್ದು ಲಾಟರಿಯಲ್ಲಿ ಗೆದ್ದ ಹಣದಿಂದ ಎಂದು ಅಕ್ಷರಗಳ ಚರಿತ್ರೆ ಬರೆದವರು ಹೇಳುತ್ತಾರೆ. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಗೆದ್ದವನ ಹೆಸರು ಇಂದಿಗೂ ಒಂದು ಅಕ್ಷರಕುಟುಂಬಕ್ಕಿದೆ. ಸೋತವರು ಓದಿದ ಸಾಲುಗಳೂ ಅಂಥ ಅಕ್ಷರಗಳಲ್ಲೇ ಇದ್ದವು.

ಹಾಗಾದರೆ ಕೂಗುವ ಅಕ್ಷರವೇ ತಪ್ಪೇ? ಅಚ್ಚು ಶುಭ್ರವಾದ ಗಾಜಿನ ಬಟ್ಟಲಿನಂತಿರಬೇಕು, ಒಳಗಿನ ಅರ್ಥ ಕಾಣಬೇಕೇ ಹೊರತು ಬಟ್ಟಲಲ್ಲ ಎಂದು 1930ರಲ್ಲಿ ಬಿಯಾಟ್ರಿಸ್ ವಾರ್ಡ್ ವಾದಿಸಿದ್ದರು. ಪುಸ್ತಕಕ್ಕೆ ಈ ಮಾತು ಒಪ್ಪುತ್ತದೆ. ಆದರೆ 'ವಿದ್ಯುತ್ ಅಪಾಯ' ಎಂಬ ಫಲಕ ಗಾಜಿನಂತಿದ್ದರೆ ಜೀವ ಹೋಗುತ್ತದೆ. ಪಲ್ಸ್ ಪೋಲಿಯೊ ದಿನಾಂಕವನ್ನು ನಾನೇ ಎಷ್ಟೋ ಸಲ ದಪ್ಪಗೆ ಓರೆಯಾಗಿ ಹಾಕಿದ್ದೇನೆ. ಅದರ ಬಗ್ಗೆ ನನಗೆ ಯಾವ ಅಳುಕೂ ಇಲ್ಲ. ತಪ್ಪನ್ನು ಅಳೆಯಬೇಕಾದದ್ದು ದೊಡ್ಡಕ್ಷರದಿಂದಲ್ಲ. ಅದೇ ಹಾಳೆಯಲ್ಲಿ ಏನನ್ನು ಚಿಕ್ಕದು ಮಾಡಿದೆವು ಎಂಬುದರಿಂದ. ಹೂವಿನಮ್ಮನನ್ನು ಮೋಸ ಮಾಡಿದ್ದು ಮೇಲಿನ ಸಾಲೊಂದೇ ಅಲ್ಲ, ಮೇಲಿನ ಸಾಲಿಗೂ ಕೆಳಗಿನ ಷರತ್ತಿಗೂ ಇದ್ದ ಅಂತರ. ಆ ಅಂತರವನ್ನು ಅಳೆದು ಕೂರಿಸಿದ ಕೈ ನನ್ನದು.

ನಾನು ಬರೀ ಡಂಗುರದವನು, ಮಾತು ಇನ್ನೊಬ್ಬರದು ಎನ್ನಬಹುದು. ಆದರೆ ಡಂಗುರದವನು ತಮಟೆ ಹಿಡಿದು ಬೀದಿಯಲ್ಲಿ ನಿಂತಿರುತ್ತಿದ್ದ. ಜನ ತಡೆದು ಕೇಳಬಹುದಿತ್ತು. ಕರಪತ್ರದ ಕೂಗಿಗೆ ಮುಖವಿಲ್ಲ.

ಕನ್ನಡದ ಕೈಬರಹದಲ್ಲಿ ಒತ್ತಿ ಹೇಳಲೆಂದೇ ಬೇರೆಯಾದ ಓರೆ ಅಕ್ಷರ ಬೆಳೆದು ಬರಲಿಲ್ಲ. ಕಂಪ್ಯೂಟರು ಮಾಡುವುದು ದುಂಡು ಅಕ್ಷರವನ್ನು ಪಕ್ಕಕ್ಕೆ ತಳ್ಳುವುದಷ್ಟೇ. ನಮಗೆ ಅದರ ಅಗತ್ಯವೂ ಅಷ್ಟಿರಲಿಲ್ಲವೇನೋ. ಒತ್ತಿ ಹೇಳಲು ನಮ್ಮಲ್ಲಿ 'ಏ' ಇದೆ: ಅವನೇ, ಇವತ್ತೇ, ಇಲ್ಲೇ. ಆ 'ಏ' ಬಾಯಿಂದ ಬರುವಾಗ ಹೇಳುವವರು ಎದುರಿಗಿರುತ್ತಾರೆ, ಸುಳ್ಳಾದರೆ ಮಾತು ಅವರ ಮೇಲೆ ಬರುತ್ತದೆ.

ಕಿಟಕಿಯ ಪಕ್ಕ ಬುಟ್ಟಿ ಇಳಿಸಿ ಆಕೆ ಕೇಳಿದ ದಿನ ನನ್ನಲ್ಲಿ ಒಂದು ಉತ್ತರ ಇತ್ತು. "ಅಮ್ಮಾ, ಇದನ್ನು ಮಾಡಿದ್ದು ನಾನೇ." ಅವರ ಹಣ ಅದರಿಂದ ವಾಪಸ್ಸು ಬರುತ್ತಿರಲಿಲ್ಲ. ಬೈಯಲು ಒಂದು ಮುಖವಾದರೂ ಅವರಿಗೆ ಸಿಗುತ್ತಿತ್ತು.