ವೃತ್ತಿಯೂ ತೃಪ್ತಿಯೂ

ಮನುಷ್ಯನು ತನ್ನ ಎಚ್ಚರದ ಕಾಲದ ಬಹುಭಾಗವನ್ನು ಉದ್ಯೋಗದಲ್ಲಿಯೇ ಕಳೆಯುತ್ತಾನೆ. ಆದುದರಿಂದ ಉದ್ಯೋಗದಲ್ಲಿ ತೃಪ್ತಿಯಿಲ್ಲದವನಿಗೆ ಮನೆಯಲ್ಲಿಯೂ, ದೇವರ ಮುಂದೆ ಕುಳಿತಾಗಲೂ ನೆಮ್ಮದಿಯಿರುವುದಿಲ್ಲ. ಅರ್ಘ್ಯದ ನೀರು ಕೈಯಿಂದ ಇಳಿಯುವ ಮೊದಲೇ ಅವನ ಮನಸ್ಸು ಕಚೇರಿಯನ್ನು ಸೇರಿರುತ್ತದೆ. ‘ಈ ಕೆಲಸದಲ್ಲಿ ಸುಖವಿಲ್ಲ, ಇದನ್ನು ಬಿಟ್ಟು ಬೇರೆಯದನ್ನು ಹಿಡಿಯಬಹುದೇ?’ ಎಂಬ ಪ್ರಶ್ನೆ ನಮ್ಮ ತರುಣ ತರುಣಿಯರಿಂದ ಈಚೆಗೆ ಪದೇ ಪದೇ ಕೇಳಿಬರುತ್ತಿದೆ. ಬೆಂಗಳೂರಿನ ಕಂಪ್ಯೂಟರ್ ಕಂಪೆನಿಯಲ್ಲಿರುವವನೂ ಕೇಳುತ್ತಾನೆ. ಊರಿನ ದೇವಸ್ಥಾನದಲ್ಲಿ ಪೂಜೆ ಮಾಡುವವನೂ ಕೇಳುತ್ತಾನೆ. ಈ ವಿಷಯವಾಗಿ ಕಿಂಚಿತ್ ವಿಚಾರ ಮಾಡೋಣ.

ಇಲ್ಲಿ ಎರಡು ಪೂರ್ವಪಕ್ಷಗಳಿವೆ. ಉದ್ಯೋಗ ಬದಲಾದರೆ ತೃಪ್ತಿ ತಾನಾಗಿ ಬರುತ್ತದೆ ಎಂಬುದು ಮೊದಲನೆಯದು. ಹಿಡಿದ ವೃತ್ತಿಯನ್ನು ಬಿಡುವುದೇ ಸ್ವಧರ್ಮತ್ಯಾಗ, ಆದುದರಿಂದ ಸಹಿಸಿಕೊಂಡೇ ಇರಬೇಕು ಎಂಬುದು ಎರಡನೆಯದು. ಮೊದಲನೆಯದನ್ನು ತರುಣರು ಹೇಳುತ್ತಾರೆ, ಎರಡನೆಯದನ್ನು ಹಿರಿಯರು ಹೇಳುತ್ತಾರೆ. ಎರಡೂ ಅರ್ಧಸತ್ಯಗಳು.

ಮೊದಲ ಪಕ್ಷಕ್ಕೆ ದ್ರೋಣಾಚಾರ್ಯರ ಚರಿತ್ರೆಯೇ ಉತ್ತರ. ಹಾಲಿಲ್ಲದ ಮನೆಯಲ್ಲಿ ಬಾಲಕ ಅಶ್ವತ್ಥಾಮನು ಹಿಟ್ಟು ಕದಡಿದ ನೀರನ್ನೇ ಹಾಲೆಂದು ಕುಡಿದು ಕುಣಿದನು. ಅದನ್ನು ಕಂಡ ತಂದೆಯು ಬಾಲ್ಯಸ್ನೇಹಿತನಾದ ದ್ರುಪದನ ಬಳಿಗೆ ಹೋಗಿ ಅವಮಾನಿತನಾಗಿ, ಕೊನೆಗೆ ಹಸ್ತಿನಾವತಿಯಲ್ಲಿ ರಾಜಕುಮಾರರಿಗೆ ಗುರುವಾದನು. ದಾರಿದ್ರ್ಯದಿಂದ ಮನೆಯನ್ನು ಪಾರುಮಾಡಲು ಹೊಸ ಆಶ್ರಯವನ್ನು ಹುಡುಕಿದ್ದು ದೋಷವಲ್ಲ. ಮಗುವಿಗೆ ಹಾಲು ತರಬೇಕಾದುದು ತಂದೆಯ ಕರ್ತವ್ಯವೇ. ಆದರೆ ಅವರು ಹಳೆಯ ಅವಮಾನವನ್ನೂ ಹೊಸ ಊರಿಗೆ ಹೊತ್ತು ತಂದರು. ಶಿಷ್ಯರ ವಿದ್ಯೆಯ ಫಲವಾಗಿ ಕೇಳಿದ ಗುರುದಕ್ಷಿಣೆಯು ದ್ರುಪದನ ಬಂಧನವಾಯಿತು. ಅರ್ಧ ಪಾಂಚಾಲ ಕೈಗೆ ಬಂದರೂ ವೈರ ಬೆಳೆಯಿತೇ ಹೊರತು ತೃಪ್ತಿ ಬರಲಿಲ್ಲ. ಮೇಲಧಿಕಾರಿಯ ಮೇಲಿನ ಸಿಟ್ಟಿನಿಂದ ಕೆಲಸ ಬಿಡುವವನು ಈ ಕಥೆಯನ್ನು ಒಮ್ಮೆ ನೆನೆಯಬೇಕು. ಬಿಟ್ಟುಬರಬೇಕಾದ ಸಿಟ್ಟನ್ನೇ ಜೊತೆಗೆ ತಂದವನಿಗೆ ಹೊಸ ಕಚೇರಿಯು ಹಳೆಯ ಕಚೇರಿಯೇ ಆಗುತ್ತದೆ.

ಅರ್ಜುನನ ಸಂಗತಿ ಬೇರೆ. ಅವನು ತನ್ನ ಕೆಲಸವು ಅತ್ಯಂತ ಕಠಿನವಾದ ಕ್ಷಣದಲ್ಲಿ, ಭಿಕ್ಷೆ ಬೇಡಿ ಬದುಕುವುದೇ ಲೇಸೆಂದು ಬಿಲ್ಲನ್ನು ಕೆಳಗಿಟ್ಟನು. ಭಿಕ್ಷಾವೃತ್ತಿಯಲ್ಲಿ ಅವನಿಗೆ ಪ್ರೀತಿಯಿದ್ದಿತೆಂದಲ್ಲ, ಎದುರಿಗಿದ್ದುದರಿಂದ ತಪ್ಪಿಸಿಕೊಳ್ಳಬೇಕಾಗಿದ್ದಿತು. ಶ್ರೀಕೃಷ್ಣನು ಮೊದಲು ಶೋಕ ಮೋಹಗಳನ್ನು ಕಳೆದನು. ಎಲ್ಲವನ್ನೂ ಉಪದೇಶಿಸಿದ ಮೇಲೆ, ಇದನ್ನೆಲ್ಲ ಚೆನ್ನಾಗಿ ಆಲೋಚಿಸಿ ನಿನಗೆ ಇಷ್ಟವಾದಂತೆ ಮಾಡು ಎಂದನೆಂಬುದನ್ನು ಓದುಗರು ಗಮನಿಸಬೇಕು. ದಣಿವು, ದುಃಖ, ಭಯಗಳಿರುವಾಗ ನಿರ್ಣಯ ಸಲ್ಲದು. ಮನಸ್ಸು ತಿಳಿಯಾದ ಮೇಲೆ ನಿರ್ಣಯಿಸುವ ಹೊಣೆ ನಮ್ಮದೇ ಎಂದು ಇದರಿಂದ ತಾತ್ಪರ್ಯ.

ಇನ್ನು ಎರಡನೆಯ ಪಕ್ಷ. ಸ್ವಧರ್ಮವೆಂದರೆ ಒಂದು ನಿರ್ದಿಷ್ಟ ಕುರ್ಚಿಯಲ್ಲಿ ಕೊನೆಯವರೆಗೆ ಕುಳಿತಿರುವುದೇ? 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ನಮ್ಮ ಸೀಮೆಯ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು. 1969ರಲ್ಲಿ ಅದು ರಾಷ್ಟ್ರೀಕೃತವಾಯಿತು. ದಪ್ಪ ಲೆಡ್ಜರುಗಳ ಜಾಗಕ್ಕೆ ಗಣಕಯಂತ್ರಗಳು ಬಂದವು. 2020ರಲ್ಲಿ ಬ್ಯಾಂಕೇ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಅಲ್ಲಿ ಮೂವತ್ತು ವರ್ಷ ಒಂದೇ ಉದ್ಯೋಗದಲ್ಲಿದ್ದವನೂ ವಾಸ್ತವವಾಗಿ ಮೂರು ನಾಲ್ಕು ಉದ್ಯೋಗಗಳನ್ನು ಮಾಡಿದವನೇ. ನಾವು ಕೆಲಸವನ್ನು ಬಿಡದಿದ್ದರೂ ಕೆಲಸವು ತನ್ನ ರೂಪವನ್ನು ಬಿಡುತ್ತದೆ. ಹಾಗಾದರೆ ಬದಲಾಗದೆ ಉಳಿಯುವುದು ಯಾವುದು? ಜೀವನ ಸ್ವಭಾವ ಮತ್ತು ಯೋಗ್ಯತೆ. ಪ್ರತಿಯೊಬ್ಬ ಜೀವನೂ ಇನ್ನೊಬ್ಬನಿಂದ ಭಿನ್ನನೆಂದು ಸಾರಿದ ಸಿದ್ಧಾಂತ ನಮ್ಮದು. ಪಕ್ಕದ ಮನೆಯವನಿಗೆ ಒಗ್ಗಿದ ಕೆಲಸ ನಮಗೂ ಒಗ್ಗಬೇಕೆಂಬ ನಿಯಮವೇನಿದೆ? ಉಡುಪಿ ಸೀಮೆಯಿಂದ ಮದರಾಸಿಗೆ ಹೋಗಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದ ಕೃಷ್ಣರಾಯರಂಥವರು ಊರನ್ನು ಬಿಟ್ಟರು. ಮಡಿಯಿಂದ ಅಟ್ಟು, ಬಂದವರಿಗೆ ಆದರದಿಂದ ಬಡಿಸುವ ಈ ಸೀಮೆಯ ಗುಣವನ್ನು ಬಿಡಲಿಲ್ಲ.

ಆದುದರಿಂದ ಉದ್ಯೋಗವನ್ನು ಬದಲಿಸಬೇಕೆನ್ನುವವನು ತನ್ನನ್ನು ತಾನೇ ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ಈಗಿನ ಕೆಲಸವು ಸುಳ್ಳನ್ನೋ ವಂಚನೆಯನ್ನೋ ಮಾಡಿಸುತ್ತಿದೆಯೇ? ಹೌದಾದರೆ ಹೆಚ್ಚು ವಿಚಾರ ಬೇಕಿಲ್ಲ. ಬೇರೆ ಅನ್ನವನ್ನು ಹುಡುಕತಕ್ಕದ್ದು. ಬೇಸರವಿರುವುದು ಕೆಲಸದ ಮೇಲೋ, ಅಲ್ಲಿರುವ ಒಬ್ಬಿಬ್ಬರ ಮೇಲೋ? ಹೊಸ ಕೆಲಸದ ಸಂಬಳವನ್ನೂ ಹೆಸರನ್ನೂ ತೆಗೆದುಹಾಕಿದರೆ, ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಮಾಡಬೇಕಾದುದು ನಮಗೆ ಇಷ್ಟವೇ? ಸಂಬಳ ಹೆಚ್ಚಾದ ಸಂತೋಷವು ಯುಗಾದಿಗೆ ಬಂದರೆ ದೀಪಾವಳಿಗೆ ಮಾಮೂಲಾಗಿರುತ್ತದೆ. ದಿನದ ಕೆಲಸ ಮಾತ್ರ ದಿನವೂ ಇರುತ್ತದೆ. ಕೊನೆಯದಾಗಿ, ನಮ್ಮ ಬದಲಾವಣೆಯ ಭಾರವನ್ನು ಯಾರು ಹೊರುತ್ತಾರೆ? ವೃದ್ಧ ತಾಯಿತಂದೆಯರು, ಶಾಲೆಗೆ ಹೋಗುವ ಮಕ್ಕಳು, ತೀರಿಸಬೇಕಾದ ಸಾಲ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನಿರ್ಣಯ ಧರ್ಮ್ಯವಾಗಲಾರದು. ಚಾತುರ್ಮಾಸ್ಯದಲ್ಲಿ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ತಿಂಗಳಿಗೊಂದರಂತೆ ಬಿಟ್ಟು ನೋಡುವ ನಮಗೆ, ಈ ಪ್ರಶ್ನೆಗಳನ್ನು ನಾಲ್ಕು ತಿಂಗಳು ಮನಸ್ಸಿನಲ್ಲಿ ಇಟ್ಟುಕೊಂಡು ನೋಡುವುದು ಕಷ್ಟವಲ್ಲ. ಅಷ್ಟು ಕಾಲದ ಮೇಲೂ ಉತ್ತರ ಅದೇ ಆಗಿದ್ದರೆ ಹೊರಡಬಹುದು.

ಹೊರಡುವ ಕ್ರಮವನ್ನು ಪರ್ಯಾಯದಿಂದ ಕಲಿಯಬೇಕು. ಎರಡು ವರ್ಷ ಶ್ರೀಕೃಷ್ಣನ ಪೂಜೆಯನ್ನು ನಡೆಸಿದ ಯತಿಗಳು ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಕೀಲಿಕೈಯನ್ನೂ ಮುಂದಿನವರ ಕೈಗೆ ಒಪ್ಪಿಸುತ್ತಾರೆ. ತಾವು ಬಿಟ್ಟರೆಂದು ಪೂಜೆ ಒಂದು ಹೊತ್ತೂ ನಿಲ್ಲದು. ಮುಂದೆ ಬರುವವನಿಗೆ ಲೆಕ್ಕಪತ್ರಗಳನ್ನು ಸರಿಯಾಗಿ ಒಪ್ಪಿಸಿ, ಯಾರನ್ನೂ ನಿಂದಿಸದೆ ಹೊರಬರುವವನೇ ಕೆಲಸವನ್ನು ಧರ್ಮದಿಂದ ಬಿಟ್ಟವನು.

ಅರ್ಚಕರ ಮನೆಗಳ ಮಾತನ್ನು ಹೇಳದೆ ಈ ವಿಚಾರ ಪೂರ್ಣವಾಗದು. ನಾವೂ ಅಂತಹ ಮನೆಯಲ್ಲಿಯೇ ಹುಟ್ಟಿ, ಪಾಠಶಾಲೆಯಲ್ಲಿ ಓದಿ, ಬಳಿಕ ಬಿ.ಎ. ಮಾಡಿದವರು. ಮಗನು ಪೂಜೆಯನ್ನು ಬಿಟ್ಟು ನಗರಕ್ಕೆ ಹೋದನೆಂದು ತಂದೆ ನೊಂದುಕೊಳ್ಳುವುದನ್ನೂ, ತಟ್ಟೆಯ ಕಾಸಿನಲ್ಲಿ ಸಂಸಾರ ಸಾಗದೆ, ಅರ್ಚಕನೆಂಬ ಕಾರಣಕ್ಕೆ ಕನ್ಯೆಯೂ ದೊರೆಯದೆ ಮಗನು ನೊಂದುಕೊಳ್ಳುವುದನ್ನೂ ಹತ್ತಿರದಿಂದ ಬಲ್ಲೆವು. ಹೋದವನನ್ನು ಧರ್ಮಭ್ರಷ್ಟನೆನ್ನುವುದು ಸುಲಭ. ಉಳಿದವನ ಮನೆಗೆ ಹೆಣ್ಣು ಕೊಡಲು ಹಿಂಜರಿಯುವವರು ಆ ಮಾತನ್ನು ಆಡಬಾರದು. ಪೂಜೆ ನಡೆಯಬೇಕೆನ್ನುವ ಸಮಾಜವು ಪೂಜಿಸುವವನ ಬದುಕನ್ನೂ ನಡೆಸಬೇಕು. ಹಾಗೆಯೇ, ಪೂಜೆಯಲ್ಲಿ ನಿಜವಾದ ಮನಸ್ಸುಳ್ಳ ತರುಣನು ಇತರರ ಸಂಬಳವನ್ನು ಕೇಳಿದ ಮಾತ್ರಕ್ಕೆ ತನ್ನ ತೃಪ್ತಿಯನ್ನು ಕಳೆದುಕೊಳ್ಳಬಾರದು.

ಹಾಗಾದರೆ ಸ್ಥಿರವಾದ ತೃಪ್ತಿ ಎಲ್ಲಿದೆ? ಶಾಂತಿಪರ್ವದಲ್ಲಿ, ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟುವಷ್ಟು ನಿಶ್ಚಲನಾಗಿ ತಪಸ್ಸು ಮಾಡಿದ ಜಾಜಲಿಯು ಧರ್ಮವನ್ನು ಕೇಳಲು ತುಲಾಧಾರನೆಂಬ ವರ್ತಕನ ಬಳಿಗೆ ಹೋಗಬೇಕಾಯಿತು. ತುಲಾಧಾರನು ಮಾಡಿದ್ದಾದರೂ ಏನು? ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ತೂಗಿದನು. ತನ್ನ ಕರ್ಮದಿಂದಲೇ ಶ್ರೀಹರಿಯನ್ನು ಅರ್ಚಿಸುವುದೆಂದರೆ ಇದೇ. ಕಡತವಿರಲಿ, ಗಣಕಯಂತ್ರವಿರಲಿ, ಘಂಟೆಯಿರಲಿ, ಎದುರಿಗಿರುವವನಿಗೆ ಸಲ್ಲಬೇಕಾದುದನ್ನು ಸರಿಯಾಗಿ ಸಲ್ಲಿಸಿ, ಸ್ವತಂತ್ರನಾದ ಶ್ರೀಹರಿಯು ಮಾಡಿಸಿದನೆಂಬ ಅನುಸಂಧಾನದಿಂದ ದಿನವನ್ನು ಮುಗಿಸುವವನಿಗೆ ತೃಪ್ತಿಯು ಇನ್ನೊಬ್ಬರು ಕೊಡಬೇಕಾದ ವಸ್ತುವಾಗಿ ಉಳಿಯುವುದಿಲ್ಲ. ಅಂಥವನು ಇದ್ದಲ್ಲಿ ಇದ್ದರೂ ಸರಿ, ಬೇರೆಡೆಗೆ ಹೋದರೂ ಸರಿ.

॥ ಶ್ರೀಕೃಷ್ಣಾರ್ಪಣಮಸ್ತು ॥