ಇಂದಿನ ಧಮ್ಮ ಚಿಂತನೆ: ಹುಲಿಗೂ ಮೈತ್ರಿ, ಹಸುವಿಗೂ ಮೈತ್ರಿ





ಪಂಚಶೀಲದಲ್ಲಿ ಮೊದಲನೆಯದು ಪ್ರಾಣಿಹತ್ಯೆಯಿಂದ ದೂರವಿರುವುದು. ಕಾಡಿನ ಅಂಚಿನಲ್ಲಿ ಬಾಳುವ ನಮಗೆ ಇದು ದಿನನಿತ್ಯದ ಪರೀಕ್ಷೆ. ಯಳಂದೂರಿನ ಮಗ್ಗುಲಲ್ಲಿ ಬಿಳಿಗಿರಿರಂಗನ ಬೆಟ್ಟ, 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಕೊಳ್ಳೇಗಾಲ, ಹನೂರು ಕಡೆ 1987ರಲ್ಲಿ ಕಾವೇರಿ ವನ್ಯಧಾಮ, 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ ಘೋಷಣೆಯಾದವು.

2025ರ ಜೂನ್‌ನಲ್ಲಿ ಹನೂರು ತಾಲ್ಲೂಕಿನ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೊಂದು ತನ್ನ ನಾಲ್ಕು ಮರಿಗಳೊಂದಿಗೆ ಸತ್ತುಬಿದ್ದಿತ್ತು. ಅದು ಕೊಂದಿದ್ದ ಹಸುವಿನ ಮಾಂಸಕ್ಕೆ ವಿಷ ಬೆರೆಸಲಾಗಿತ್ತು.

ಆ ವಾರ ನಮ್ಮ ಅಧ್ಯಯನ ಕೂಟದಲ್ಲಿ ದನ ಸಾಕುವ ತಾಯಿಯೊಬ್ಬರು ನನ್ನನ್ನು ಕೇಳಿದರು: "ಅಣ್ಣ, ಹುಲಿ ಸತ್ತರ ನಾಡೆಲ್ಲ ಅಳ್ತದ. ನಮ್ ಹಸ ಸತ್ತರ ಬಾಗಿಲಿಗ ಯಾರ ಬತ್ತರ?"

ಈ ಪ್ರಶ್ನೆಯನ್ನು ದಾಟಿ ಶೀಲದ ಮಾತಾಡಲು ನನಗೆ ಆಗಲಿಲ್ಲ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕೊಲ್ಲಬೇಕಾದ ಅಗತ್ಯವನ್ನೂ ಕೊಲ್ಲುವ ಇಚ್ಛೆಯನ್ನೂ ಬೇರೆ ಮಾಡಿ ತೋರಿಸಿದ್ದಾರೆ. ಹುಲಿ ಹಸುವನ್ನು ಹಿಡಿದದ್ದು ಹಸಿವಿನಿಂದ. ವಿಷ ಇಟ್ಟದ್ದು ಹಗೆಯಿಂದ. ವಿಷಕ್ಕೆ ತಾಯಿ, ಮರಿ, ನರಿ, ನಾಯಿ ಎಂಬ ಭೇದವಿಲ್ಲ. ಇದು ತಪ್ಪೇ, ಇದಕ್ಕೆ ಸಮರ್ಥನೆ ಇಲ್ಲ.

ಆದರೆ ಹಗೆ ತಾನಾಗಿ ಹುಟ್ಟುವುದಿಲ್ಲ. ಕಾರಣವಿದ್ದರೆ ಕಾರ್ಯ, ಪ್ರತೀತ್ಯ ಸಮುತ್ಪಾದ ಕಲಿಸುವುದು ಇದನ್ನೇ. ಹಾಲಿನ ಕಾಸು ನಿಂತ ಮನೆ, ಅರ್ಜಿ ಬರೆಯಲು ಬಾರದ ಕೈ, ಕೇಳುವವರಿಲ್ಲದ ಸಂಕಟ. ಇವುಗಳಲ್ಲಿ ಹಗೆ ಬೇರು ಬಿಡುತ್ತದೆ. ಆ ಬೇರನ್ನು ಕೀಳುವುದೇ ಮೈತ್ರಿ.

ಕಾಡು ಉಳಿಯಲು ಬಡವರನ್ನು ಹೊರಗಟ್ಟಲೇಬೇಕೆಂದೇನಿಲ್ಲ. ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾದ ಅದೇ 2011ರಲ್ಲಿ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹುಲಿಯ ಬದುಕು, ಮನುಷ್ಯರ ಹಕ್ಕು ಎರಡನ್ನೂ ಒಂದೇ ಕಾಡಿನಲ್ಲಿ ಕಾನೂನು ಒಪ್ಪಿದೆ.

ಹಾಗಾಗಿ ಇಂದಿನ ಸಂಕಲ್ಪ ಇಷ್ಟು. ನೆರೆಯವರ ದನವನ್ನು ಕಾಡುಮೃಗ ಹಿಡಿದ ಸುದ್ದಿ ಬಂದರೆ, ಅವರು ಯಾವ ಜಾತಿಯವರೇ ಆಗಲಿ, ಅಂದೇ ಅವರ ಮನೆಗೆ ಹೋಗೋಣ. ಫೋಟೋ ತೆಗೆದು ಅರಣ್ಯ ಇಲಾಖೆಗೆ ತಿಳಿಸೋಣ. ಪಶುವೈದ್ಯರನ್ನು ಕರೆಸೋಣ. ಪರಿಹಾರದ ಅರ್ಜಿ ಬರೆದುಕೊಟ್ಟು, ಹಣ ಕೈಸೇರುವವರೆಗೆ ಬೆನ್ನು ಬೀಳೋಣ. ಬಾಬಾಸಾಹೇಬರಿಂದ ನಮಗೆ ದಕ್ಕಿದ ಅಕ್ಷರ ಇಂಥ ಹೊತ್ತಿಗೆ ಒದಗಬೇಕು.

ಆ ತಾಯಿಯ ಬಾಗಿಲಿಗೆ ನಾವು ಹೋದ ದಿನ, ಕಾಡಿನ ಮರಿಗಳೂ ಒಂದಿಷ್ಟು ಸುರಕ್ಷಿತ.

ಸಕಲ ಜೀವಿಗಳಿಗೂ ಮಂಗಳವಾಗಲಿ. ಜೈ ಭೀಮ್.