ತಾತಯ್ಯನವರ ಮುಖ ಕಂಡವರು ಯಾರು?

ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಭಕ್ತರು ತಾತಯ್ಯ ಎಂದು ಕರೆಯುವ ಯೋಗಿ ನಾರೇಯಣರು ಜೀವಸಮಾಧಿ ಹೊಂದಿದ್ದು 1836ರಲ್ಲಿ ಎನ್ನುತ್ತದೆ ಪರಂಪರೆ. ಛಾಯಾಚಿತ್ರದ ವಿದ್ಯೆ ಪ್ಯಾರಿಸ್ಸಿನಲ್ಲಿ ಬಹಿರಂಗವಾದದ್ದು 1839ರಲ್ಲಿ. ಅಂದಮೇಲೆ ಈ ಸೀಮೆಯ ದೇವರಗೂಡುಗಳಲ್ಲಿರುವ ತಾತಯ್ಯನವರ ಪಟಕ್ಕೆ ಕ್ಯಾಮೆರಾದ ಸಾಕ್ಷಿಯಿಲ್ಲ. ಅದು ಕುಂಚ ಕಟ್ಟಿಕೊಟ್ಟ ಮುಖ. ಭಜನೆಗೆ ಮುನ್ನ ಗಾಜಿನ ಮೇಲೆ ಗಂಧದ ಬೊಟ್ಟಿಟ್ಟು, ಹೂ ಮುಡಿಸಿ ಕೈಮುಗಿಯುವುದು ಆ ಪಟಕ್ಕೇ.

ಆ ನಮಸ್ಕಾರ ಯಾರಿಗೆ ಸಲ್ಲುತ್ತದೆ?

ಪ್ರಶ್ನೆ ಕೈವಾರವೊಂದರದ್ದೇ ಅಲ್ಲ. ತಾತಯ್ಯನವರ ಕಾಲದಲ್ಲೇ ಬಾಳಿದ ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ರೂಪ ಮದರಾಸಿನ ಎಸ್. ರಾಜಂ (1919–2010) 1940ರ ದಶಕದಲ್ಲಿ ಬರೆದದ್ದು. ರಾಜಂ ಸ್ವತಃ ಗಾಯಕರು, ವೀಣೆಯ ಎಸ್. ಬಾಲಚಂದರ್ ಅವರ ಅಣ್ಣ. ಆ ಚಿತ್ರ ಕ್ಯಾಲೆಂಡರ್ ಏರಿ ಮನೆಮನೆ ಹೊಕ್ಕಿತು. ವರ್ಷ ಮುಗಿದರೆ ತಾರೀಖಿನ ಹಾಳೆ ಹರಿದೆಸೆದು, ಚಿತ್ರವನ್ನಷ್ಟೇ ಕತ್ತರಿಸಿ ಕಟ್ಟು ಹಾಕಿಸುವುದು ನಮ್ಮವರ ರೂಢಿ. ಸಂಗೀತ ಪಾಠದ ಮಕ್ಕಳು ಸರಳೆ ಹಿಡಿಯುವ ಮುನ್ನ ನೋಡುವುದು ಆ ಮೂರು ಮುಖಗಳನ್ನೇ.

ದೇವರ ಚಿತ್ರಕ್ಕಾದರೆ ಧ್ಯಾನಶ್ಲೋಕದ ಕಟ್ಟಳೆಯಿದೆ: ಎಷ್ಟು ಕೈ, ಯಾವ ಆಯುಧ, ಯಾವ ವಾಹನ. ನಮ್ಮ ನಡುವೆ ಬದುಕಿ ಹೋದ ಸಂತನಿಗೆ ಅದಿಲ್ಲ. ಕಲಾವಿದ ಅವನ ಹಾಡಿನ ಬಳಿಗೇ ಹೋಗಬೇಕು. ರಾಜಂ ದೀಕ್ಷಿತರ ನವಗ್ರಹ ಕೃತಿಗಳನ್ನು ಬಣ್ಣಕ್ಕಿಳಿಸಿದರು. 2023ರಲ್ಲಿ ನಮ್ಮನ್ನಗಲಿದ ಬಿ.ಕೆ.ಎಸ್. ವರ್ಮ ಅವರು ಶತಾವಧಾನಿ ಆರ್. ಗಣೇಶರ ಪದ್ಯ ಹೊಮ್ಮುತ್ತಿದ್ದಂತೆ ಅದೇ ವೇದಿಕೆಯಲ್ಲಿ ಚಿತ್ರ ಬರೆದರು. ಹೀಗೆ ಹಾಡಿನಿಂದ ಹುಟ್ಟಿದ ರೂಪವನ್ನು ಸುಳ್ಳೆನ್ನಲು ಮನಸ್ಸು ಒಪ್ಪುವುದಿಲ್ಲ.

ಆದರೆ ರೂಪವೇ ಹಾಡನ್ನು ಮರೆಸಿದರೆ ಅದು ಭಕ್ತಿಗೆ ನಷ್ಟ. ಬಳೆ ಮಾರುತ್ತಿದ್ದ ನಾರೇಯಣರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದರು. ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ ಸಂಗೀತ ನಡೆಯುತ್ತದೆ. ಅಲ್ಲಿ ಮುಖ ಕಲಾವಿದನದು, ನುಡಿ ಮಾತ್ರ ತಾತಯ್ಯನವರದೇ. ಪಟ ಅಚ್ಚು ಹಾಕಿಸುವವರು ಕೆಳಗೆ ಕಲಾವಿದನ ಹೆಸರನ್ನೂ ತಾತಯ್ಯನವರ ಒಂದು ಕೀರ್ತನೆಯನ್ನೂ ಅಚ್ಚು ಹಾಕಿಸಲಿ.